ಕಣ್ಣಿಗೆ ಕಟ್ಟಿದಂತೆ

ನಮ್ಮ ಅಣ್ಣನ ಮಗ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿದ್ದಾನೆ. ಬಂಗಾರಪೇಟೆಯ ಎಷ್ಟೋ ಮನೆಗಳ ಮಕ್ಕಳ ಹಾಗೆ ಅವನೂ ಬೆಳಗಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ಬರುವವನು. ಒಂದು ಶನಿವಾರ ರಾತ್ರಿ ಬಂದವನ ಒಂದು ಕೈಯಲ್ಲಿ ಕಟ್ಟಿಸಿಕೊಂಡು ತಂದ ಪಾನಿಪುರಿ, ಇನ್ನೊಂದು ಕೈಯಲ್ಲಿ ಬಿಳಿಯ ರಟ್ಟಿನ ಪೆಟ್ಟಿಗೆ. ಪಾನಿಪುರಿಯ ಬಗ್ಗೆ ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮೂರಿನ ಪಾನಿ ಹಸಿರೂ ಅಲ್ಲ, ಕಂದೂ ಅಲ್ಲ. ಬರೀ ನೀರಿನಂತೆ ತಿಳಿಯಾಗಿರುತ್ತದೆ. ನೋಡಿದರೆ ಏನೂ ಇಲ್ಲ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಪೆಟ್ಟಿಗೆಯೊಳಗಿನ ವಸ್ತು ಇದಕ್ಕೆ ತದ್ವಿರುದ್ಧ ಎಂಬುದು ಆಮೇಲೆ ಗೊತ್ತಾಯಿತು. ಅದರಲ್ಲಿ ಎಲ್ಲವೂ ಕಾಣುತ್ತದೆ, ಬಾಯಿಗೆ ಮಾತ್ರ ಏನೂ ಸಿಗುವುದಿಲ್ಲ.

ಅಮೆರಿಕಕ್ಕೆ ಹೋಗಿಬಂದ ಸಹೋದ್ಯೋಗಿಯೊಬ್ಬರ ಕೈಯಲ್ಲಿ ತರಿಸಿದ್ದಂತೆ. ಹೆಸರು ಮೆಟಾ ಕ್ವೆಸ್ಟ್ 3. ಫೇಸ್‌ಬುಕ್‌ನ ಒಡೆಯರಾದ ಕಂಪನಿಯೇ 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟ ಯಂತ್ರ. ಆಗ ಅಲ್ಲಿನ ಬೆಲೆ ಹೆಚ್ಚುಕಡಿಮೆ 500 ಡಾಲರ್. ನಾವು ಹುಬ್ಬೇರಿಸಿದ್ದನ್ನು ನೋಡಿ ಅವನು, "ಚಾಚಾ, ಇದು ಬಡವರದ್ದು. ಆಪಲ್‌ನವರದ್ದು 2024ರಲ್ಲಿ ಬಂತು, 3,499 ಡಾಲರ್" ಎಂದ. ಬಡತನಕ್ಕೆ ಹೀಗೂ ಒಂದು ಅಳತೆ ಇದೆಯೆಂದು ನಮಗೆ ತಿಳಿದಿರಲಿಲ್ಲ.

ಅಮ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಣ್ಣಿನ ಆಪರೇಷನ್ ಆದವರಿಗೆ ಕಟ್ಟೋದಾ?" ಎಂದು ಕೇಳಿದರು. ಹಾಗೆಯೇ ಕಾಣುತ್ತದೆ. ಮುಖದ ಅರ್ಧ ಮುಚ್ಚುವ ಬಿಳಿಯ ಡಬ್ಬಿ, ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿ. ತೂಕ 515 ಗ್ರಾಂ, ಅಂದರೆ ಅರ್ಧ ಕೇಜಿ ಬೆಲ್ಲವನ್ನು ಹಣೆಗೆ ಕಟ್ಟಿಕೊಂಡಂತೆ. ಒಳಗೆ ಎರಡು ಮಸೂರ, ಎರಡು ಪುಟ್ಟ ಪರದೆ. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಅದೇ ಚಿತ್ರ, ಕೂದಲೆಳೆಯಷ್ಟು ಬೇರೆ ಕೋನದಿಂದ. ಎರಡನ್ನೂ ಕೂಡಿಸಿ ಆಳವೆಂದು ಭ್ರಮಿಸುವ ಕೆಲಸವನ್ನು ನಮ್ಮ ಮಿದುಳೇ ಮಾಡಿಕೊಳ್ಳುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ಆ ಕ್ಷಣಕ್ಕೇ ತಿರುಗುತ್ತದೆ. ಮೋಸವೆಲ್ಲ ಇರುವುದು ಆ 'ಆ ಕ್ಷಣಕ್ಕೇ' ಎಂಬುದರಲ್ಲಿ. ಸ್ವಲ್ಪ ತಡವಾದರೂ ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳಿ ಹೊಟ್ಟೆ ತೊಳಸುತ್ತದೆ. ನಮಗೆ ಹತ್ತು ನಿಮಿಷಕ್ಕೇ ತೊಳಸಿತು. ಅದರಲ್ಲಿ ಪಾನಿಪುರಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಹೇಳಲಾರೆವು.

ಉರ್ದುವಿನಲ್ಲಿ ಇದಕ್ಕೆ 'ಮಜಾಜಿ ಹಕೀಕತ್' ಎನ್ನುತ್ತಾರೆ. ಕನ್ನಡದಲ್ಲಿ ಮಿಥ್ಯಾ ವಾಸ್ತವ. ಪ್ರೈಮರಿಯನ್ನು ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ ಓದಿದ ನಮಗೆ ಎರಡೂ ಶಬ್ದ ನಾಲಿಗೆಯ ಮೇಲೆ ಬರುತ್ತವೆ. ಆದರೆ ಎರಡೂ ಒಂದೇ ಅಲ್ಲ. ಮಿಥ್ಯೆ ಎಂದರೆ ಸುಳ್ಳು. ಮಜಾಜಿ ಎಂದರೆ ಸುಳ್ಳಲ್ಲ, ನಿಜಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅದರ ನೆರಳು. ಸೂಫಿಗಳು ಇಶ್ಕೆ ಮಜಾಜಿಯಿಂದ ಇಶ್ಕೆ ಹಕೀಕಿಗೆ ಏರುವ ಮಾತಾಡಿದ್ದು ಆ ಅರ್ಥದಲ್ಲೇ. ಈ ಡಬ್ಬಿಗೆ ಯಾವ ಶಬ್ದ ಸರಿ ಎಂಬುದು ಆ ರಾತ್ರಿ ತೀರ್ಮಾನವಾಗಲಿಲ್ಲ.

ಇದರ ಹೊಸತನವೇನೆಂದರೆ, ಬೇರೆ ಲೋಕ ತೋರಿಸುವುದಷ್ಟೇ ಅಲ್ಲ, ನಾವಿರುವ ಕೋಣೆಯನ್ನೂ ತೋರಿಸುತ್ತದೆ. ಮುಂಭಾಗದ ಕ್ಯಾಮೆರಾಗಳು ಎದುರಿಗಿರುವುದನ್ನು ಹಿಡಿದು ಒಳಗಿನ ಪರದೆಗೆ ಕಳಿಸುತ್ತವೆ. ಕಟ್ಟಿಕೊಂಡೇ ನಮ್ಮ ಕೈ, ನಮ್ಮ ಚಾಪೆ, ಎದುರಿಗಿರುವ ಚಹಾ ಲೋಟ ನೋಡಬಹುದು; ಆ ನಿಜದ ಕೋಣೆಯ ನಡುವೆ ಇಲ್ಲದ ವಸ್ತುಗಳನ್ನು ಅದು ತಂದಿಡುತ್ತದೆ. ಮೊದಲು ನಾಲ್ಕೂ ಕಡೆ ತಿರುಗಿ ಕೋಣೆಯನ್ನು ಅದಕ್ಕೆ ಪರಿಚಯ ಮಾಡಿಸಬೇಕು. ಆಗ ಗೋಡೆ, ಮಂಚ, ಬೀರುಗಳ ಮೇಲೆಲ್ಲ ಬಲೆಯಂಥ ಗೆರೆಗಳು ಹರಡುತ್ತವೆ.

ಬಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾಭಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. "ಇದರಲ್ಲಿ ಕ್ಯಾಮೆರಾ ಇದೆಯಾ? ನಾವು ತಲೆ ಮೇಲೆ ಸೆರಗಿಲ್ಲದೆ ಓಡಾಡೋದೂ ಬೀಳುತ್ತಾ?" ಮಗ ನಕ್ಕು ಏನೇನೋ ಸಮಜಾಯಿಷಿ ಕೊಟ್ಟ. ರೆಕಾರ್ಡ್ ಆಗುವುದಿಲ್ಲ, ಆದರೆ ದೀಪ ಉರಿಯುತ್ತದೆ, ಹೀಗೆ. ಭಾಭಿಗೆ ಸಮಾಧಾನವಾಗಲಿಲ್ಲ, ನಮಗೂ ಆಗಲಿಲ್ಲ. ಮನೆಯೊಳಗಿನ ಮಂಚ ಎಲ್ಲಿದೆ, ಬಾಗಿಲು ಎಲ್ಲಿದೆ ಎಂದು ಒಂದು ಯಂತ್ರ ಅಳೆದಿಟ್ಟುಕೊಳ್ಳುವುದು ಸಣ್ಣ ಸಂಗತಿಯಲ್ಲ. ಪರದೆಯ ಹೆಂಗಸರಿಗೆ ಮಾತ್ರ ಹುಟ್ಟುವ ಪ್ರಶ್ನೆಯೂ ಅಲ್ಲ. ಅಡುಗೆಮನೆಯ ಕಡೆ ತಿರುಗಬಾರದು ಎಂಬ ಷರತ್ತಿನ ಮೇಲೆ ಆಟ ಮುಂದುವರಿಯಿತು.

ಅಮ್ಮಿಗೆ ಅವನು ಮಕ್ಕಾದ ಹರಮ್‌ನ ಸುತ್ತಲೂ ಕಾಣುವ ವೀಡಿಯೊ ಒಂದನ್ನು ಹಾಕಿಕೊಟ್ಟ. ಕಟ್ಟುವ ಮೊದಲು ಅವರು ಕೇಳಿದ್ದು ಒಂದೇ: "ವುಜೂ ಬೇಕಾ?" ಯಾರಿಗೂ ಉತ್ತರ ಗೊತ್ತಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಮಾಡಿಕೊಂಡು ಬಂದರು. ಐದು ನಿಮಿಷ ಕುತ್ತಿಗೆ ಎತ್ತಿ, ಹೊರಳಿಸಿ ನೋಡಿದರು, ತುಟಿ ಅಲ್ಲಾಡುತ್ತಿತ್ತು. ತೆಗೆದಾಗ ಕಣ್ಣು ಒದ್ದೆಯಾಗಿತ್ತು, ಅಂಚಿನ ಸ್ಪಂಜೂ ಒದ್ದೆಯಾಗಿತ್ತು. "ಎಲ್ಲ ಕಂಡಿತು. ಆದರೆ ಅಷ್ಟು ಜನ ಇದ್ದರೂ ಒಬ್ಬರೂ ನನ್ನನ್ನು ತಳ್ಳಲಿಲ್ಲ" ಎಂದರು. ಹಜ್‌ಗೆ ಹೋಗಿಬಂದವರಿಂದ ನೂಕುನುಗ್ಗಲಿನ ಕಥೆ ಕೇಳಿ ಕೇಳಿ ಅವರಿಗೆ ಅದೇ ಗುರುತಾಗಿತ್ತು.

ಮರುದಿನ ಭಾನುವಾರ. ಕೆಜಿಎಫ್‌ನಲ್ಲಿರುವ ಅಮ್ಮಿಯ ಅಣ್ಣ, ನಮ್ಮ ಬಡೇ ಮಾಮೂಗೂ ತೋರಿಸೋಣ ಎಂದು ಹೊರಟೆವು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ಆ ಸಣ್ಣ ದಾರಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಸ್ಟೇಷನ್‌ಗಳು ಒಂದರ ಹಿಂದೊಂದು ಬರುತ್ತವೆ. ಕಿಟಕಿಯಾಚೆ ಸೈನೈಡ್ ದಿಬ್ಬಗಳು. ಚಿನ್ನ ತೆಗೆದುಕೊಂಡು ಬಿಟ್ಟುಹೋದ ಪುಡಿಯ ಗುಡ್ಡಗಳಿವು. ಬೇಸಿಗೆಯ ಗಾಳಿಗೆ ಹಾರಿ ಬಂದು ಅನ್ನದ ತಟ್ಟೆಯಲ್ಲಿ ಕೂರುತ್ತವೆ. 2018ರಲ್ಲಿ ಬಂದ ಸಿನಿಮಾದ ಮೇಲೆ ಈ ಗುಡ್ಡಗಳಿಗೂ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಅವರು ಬರುವುದು ನಾಯಕ ನಿಂತ ಜಾಗ ನೋಡಲು.

ಬಡೇ ಮಾಮೂ ಚಾಂಪಿಯನ್ ರೀಫ್ ಗಣಿಯಲ್ಲಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೂ ಕೆಲಸ ಮಾಡಿದವರು. ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿ, ಕಲ್ಲಿನ ಕಟ್ಟಡದ ಆಸರೆ ಕೊಡುವ ತಂಡ ಅವರದು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರಕ್ಕೆ ಗೋಡೆಗಳು ಒಮ್ಮೊಮ್ಮೆ ತಾವಾಗಿಯೇ ಸಿಡಿಯುತ್ತಿದ್ದವು. ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅವರ ಕ್ವಾರ್ಟರ್ಸಿಗೆ ಹೋದಾಗ ರಾತ್ರಿ ಪಾತ್ರೆಗಳು ಗಲಗಲ ಅಲುಗಾಡಿದ್ದು, ಮಾಮಿ ಎದ್ದು ಕುಳಿತು ಬೆಳಗಾಗುವವರೆಗೆ ದುವಾ ಮಾಡಿದ್ದು ನಮಗೆ ನೆನಪಿದೆ. ಮಾಮೂ ಆಗ ನೈಟ್ ಶಿಫ್ಟಿನಲ್ಲಿದ್ದರು.

ಇದೆಲ್ಲ ನೆನಪಿದ್ದೂ ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇವೆ. ಯಂತ್ರದೊಂದಿಗೆ ಪರಿಚಯದ ಆಟವೊಂದು ಬರುತ್ತದೆ. ನೀವಿರುವ ಕೋಣೆಯೇ ಕಾಣುತ್ತಿರುತ್ತದೆ. ಇದ್ದಕ್ಕಿದ್ದಂತೆ ಚಾವಣಿ ಒಡೆದು ಪುಟ್ಟ ನೌಕೆಯೊಂದು ಕೆಳಗಿಳಿಯುತ್ತದೆ. ಆಮೇಲೆ ಗೋಡೆಗಳು ಚೂರುಚೂರಾಗಿ ಬಿದ್ದು ಆಚೆಯಿಂದ ಹತ್ತಿಯುಂಡೆಯಂಥ ಪ್ರಾಣಿಗಳು ಇಣುಕುತ್ತವೆ. ಮಕ್ಕಳು ಕೇಕೆ ಹಾಕುವ ಆಟ. ಹುಡುಗ ಏನನ್ನೂ ಹೇಳದೆ, ಅಚ್ಚರಿಪಡಲಿ ಎಂದು, ಅದನ್ನೇ ಹಾಕಿ ಮಾಮೂರ ಕಣ್ಣಿಗೆ ಕಟ್ಟಿದ. ನಾವೂ ನಗುತ್ತ ಎದುರಿಗೆ ಕುಳಿತಿದ್ದೆವು.

ಎಪ್ಪತ್ತು ದಾಟಿದ ಮನುಷ್ಯ. ಮೊದಲು ಮನೆಯನ್ನೆಲ್ಲ ನೋಡಿ "ಮಸುಕು ಮಸುಕಾಗಿ ಕಾಣುತ್ತೆ" ಎಂದರು. ನಿಜ, ದೀಪ ಕಡಿಮೆಯಿರುವ ಕೋಣೆಯಲ್ಲಿ ಈ ಯಂತ್ರದ ಚಿತ್ರ ಮರಳು ಎರಚಿದಂತಿರುತ್ತದೆ. ನಂತರ ತಲೆ ಮೇಲೆತ್ತಿದರು. ಚಾವಣಿ ಒಡೆದಿರಬೇಕು. ಒಂದು ಶಬ್ದವನ್ನೂ ಆಡದೆ ಎಡಗೈಯಲ್ಲಿ ಹುಡುಗನ ಕೊರಳಪಟ್ಟಿ ಹಿಡಿದು ಎಳೆದು ಗೋಡೆಯ ಮೂಲೆಗೆ ದೂಡಿ, ಅವನ ಮೇಲೆ ತಾವು ಬಾಗಿ ನಿಂತುಬಿಟ್ಟರು. ಬೆನ್ನು ಮೇಲಕ್ಕೆ, ತಲೆ ಕೆಳಕ್ಕೆ. ಆಸರೆ ಕೊಡುವ ದಿಮ್ಮಿಯ ಹಾಗೆ.

ಬಿಚ್ಚಿ ತೆಗೆಯುವಷ್ಟರಲ್ಲಿ ಅವರ ಬನಿಯನ್ ಬೆವರಿಗೆ ಅಂಟಿಕೊಂಡಿತ್ತು. ಮಾಮಿ ನೀರು ತಂದು ಕೊಟ್ಟು ನಮ್ಮ ಕಡೆ ತಿರುಗಿ, "ಅಲ್ಲಿ ಸಾಯದವರನ್ನ ಇಲ್ಲಿ ಸಾಯಿಸೋಕೆ ಬಂದ್ರಾ?" ಎಂದರು. ಹುಡುಗನ ಮುಖ ಬಿಳಿಚಿತ್ತು. ನಾವು ಕ್ಷಮೆ ಕೇಳಿದೆವು. ಮಾಮೂ ಕೈ ಅಲ್ಲಾಡಿಸಿ ನಕ್ಕರು. ನಾಚಿಕೊಂಡಂತೆಯೂ ಕಂಡಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: "ಇದರಲ್ಲಿ ನಮ್ಮ ಖಾನ್ ಇದೆಯಾ?"

ಖಾನ್ ಎಂದರೆ ಗಣಿ. ಹುಡುಗ ಬಹಳ ಹೊತ್ತು ಹುಡುಕಿದ. ಸಿಕ್ಕಿದ್ದು ಸಿನಿಮಾದ ಹಾಡುಗಳು, ದಿಬ್ಬಗಳ ಮೇಲೆ ಡ್ರೋನ್ ಹಾರಿಸಿ ತೆಗೆದ ದೃಶ್ಯಗಳು, ತುಕ್ಕು ಹಿಡಿದ ಶಾಫ್ಟ್‌ಗಳ ಕಬ್ಬಿಣದ ಗೋಪುರಗಳು. ಎಲ್ಲವೂ ನೆಲದ ಮೇಲಿನವು. ಕೆಳಗಿನದು ಇನ್ನು ಸಿಗುವಂತೆಯೂ ಇಲ್ಲ. ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿದೆ. 1965ರಲ್ಲಿ ಇದೇ ಗಣಿಗಳ ಆಳದಲ್ಲಿ ಕುಳಿತು ವಿಜ್ಞಾನಿಗಳು ಆಕಾಶದಿಂದ ಬರುವ ನ್ಯೂಟ್ರಿನೊ ಎಂಬ ಕಣ್ಣಿಗೆ ಕಾಣದ ಕಣದ ಜಾಡು ಹಿಡಿದರು. ಕಾಣದ ಕಣಕ್ಕೆ ದಾಖಲೆ ಇದೆ. ದಿನವೂ ಇಳಿದು ಹತ್ತಿದವರ ಕಣ್ಣು ಕಂಡದ್ದಕ್ಕೆ ಇಷ್ಟು ಕಡಿಮೆ!

ಹೀಗೆ ದೂರಲು ನಮಗೆ ಹಕ್ಕಿಲ್ಲ. ನಾವು ಕಥೆ ಬರೆಯುವವರು. ಹದಿನೈದು ವರ್ಷಗಳ ಹಿಂದೆ ಗಣಿಯ ಬಗ್ಗೆಯೂ ಒಂದು ಬರೆದಿದ್ದೆವು. ಅದರ ನಾಯಕ ಭೂಮಿಯ ತಣ್ಣನೆಯ ಹೊಟ್ಟೆಯೊಳಗೆ ಇಳಿಯುತ್ತಾನೆ. ನಾಲ್ಕು ಜನ ಮೆಚ್ಚಿದರು ಕೂಡ. ಆ ವಿಷಯ ಹುಡುಗನ ಬಾಯಿಂದ ಈಗ ಹೊರಬಿತ್ತು. "ತಣ್ಣಗೆ?" ಎಂದು ಮಾಮೂ ಜೋರಾಗಿ ನಕ್ಕರು. ಕೆಮ್ಮು ಬರುವವರೆಗೂ ನಕ್ಕರು. "ಬೇಟಾ, ಅಲ್ಲಿ ಬಂಡೆ ಮುಟ್ಟೋಕಾಗ್ತಿರಲಿಲ್ಲ." ಅತಿ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತೆಂದು ನಾವು ಆಮೇಲೆ ಓದಿದೆವು. ಬರೆಯುವ ಮೊದಲು ಓದಬಹುದಿತ್ತು. ಅದಕ್ಕಿಂತ ಮೊದಲು ಬಡೇ ಮಾಮೂರನ್ನು ಕೇಳಬಹುದಿತ್ತು. ಎಂಟು ಮೈಲಿ ದೂರದಲ್ಲಿದ್ದರು. ಮಿಥ್ಯಾ ವಾಸ್ತವವನ್ನು ಕಟ್ಟಲು ನಮಗೆ ಐನೂರು ಡಾಲರಿನ ಡಬ್ಬಿಯೂ ಬೇಕಾಗಿರಲಿಲ್ಲ.

ಮಾಮೂ ಯಂತ್ರವನ್ನು ಕೈಗೆ ತೆಗೆದುಕೊಂಡು, "ಇದನ್ನ ಆರಿಸು" ಎಂದರು. ಹುಡುಗ ಆರಿಸಿದ. ಅದನ್ನು ತಾವೇ ಕಣ್ಣಿಗಿಟ್ಟು ನೋಡಿ, "ಇದು ಕತ್ತಲಲ್ಲ. ಮೂಗಿನ ಹತ್ತಿರ ಬೆಳಕು ಬರ್ತಿದೆ" ಎಂದರು. ಅದೂ ನಿಜವೇ, ಮೂಗಿನ ಎರಡೂ ಬದಿಗೆ ಸಂದು ಉಳಿಯುತ್ತದೆ. ಮಾಮಿಯ ಶಾಲು ತರಿಸಿದರು. ಯಂತ್ರವನ್ನು ಹುಡುಗನ ಮುಖಕ್ಕೆ ಕಟ್ಟಿ, ಅದರ ಮೇಲೆ ಶಾಲು ಎರಡು ಸುತ್ತು ಸುತ್ತಿದರು.

"ಈಗ ನಿನ್ನ ಕೈ ನೋಡು."

"ಕಾಣಲ್ಲ ದಾದಾ."

"ಮುಖದ ಮುಂದೆ ಹಿಡಿದು ನೋಡು."

"ಇಲ್ಲ."

"ಹಾಂ. ಲ್ಯಾಂಪ್ ಆರಿದರೆ ಹೀಗೆ. ಈಗ ಬಾ, ಕೇಜ್ ಹತ್ತು."

ಹುಡುಗನ ಭುಜಗಳನ್ನು ಎರಡೂ ಕೈಗಳಿಂದ ಒತ್ತಿ ಹಿಡಿದರು. ಇಷ್ಟೇ ಜಾಗ, ಅಕ್ಕಪಕ್ಕದವರ ಉಸಿರು ನಿನ್ನ ಕತ್ತಿಗೆ ಬೀಳುತ್ತದೆ. ಗಂಟೆ ಹೊಡೆಯಿತು, ಈಗ ನೆಲ ಕಾಲ ಕೆಳಗಿನಿಂದ ಜಾರಿತು. ಕಿವಿ ಕಟ್ಟಿತು, ಉಗುಳು ನುಂಗು. ಒಂದೇ ಕೇಜ್ ತಳದವರೆಗೆ ಹೋಗುವುದಿಲ್ಲ, ಇಳಿ, ನಡೆ, ತಲೆ ಬಗ್ಗಿಸು, ಇನ್ನೊಂದು ಕೇಜ್. ಈಗ ಶಾಖ ಬರುತ್ತದೆ, ಮೊದಲು ಕಾಲಿಗೆ, ಆಮೇಲೆ ಎದೆಗೆ. ದಿಮ್ಮಿ ಮಾತಾಡುತ್ತದೆ, ಕೇಳಿಸಿಕೊ. ಸಣ್ಣಗೆ ಕಿರಗುಟ್ಟಿದರೆ ಭಯವಿಲ್ಲ, ಭಾರ ಹೊರುತ್ತಿದೆ ಅಂತ. ಸುಮ್ಮನಾದರೆ ಓಡಬೇಕು.

ಹೇಳುತ್ತ ಹೇಳುತ್ತ ಅವರೂ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ಬಿಟ್ಟಿದ್ದವರು ನಾವು ಮತ್ತು ಮಾಮಿ ಮಾತ್ರ. ಮಾಮಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳುತ್ತಿದ್ದರು. ಐವತ್ತು ವರ್ಷ ಸಂಸಾರ ಮಾಡಿದ ಅವರೂ ಈ ದಾರಿಯನ್ನು ಮೊದಲ ಸಲ ಕೇಳುತ್ತಿದ್ದಾರೆಂದು ಅವರ ಮುಖ ಹೇಳುತ್ತಿತ್ತು. ಗಂಡಸರು ಮೇಲೆ ಬಂದ ಮೇಲೆ ಕೆಳಗಿನ ಮಾತು ಆಡುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ. ಶಾಲು ಬಿಚ್ಚಿದಾಗ ಹುಡುಗನ ಕೂದಲು ಒದ್ದೆಯಾಗಿತ್ತು. ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಮಾಮಿ ಕೊಟ್ಟ ಚಹಾ ಕುಡಿದು ಹೊರಟೆವು.

ಚಾಂಪಿಯನ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು ರೈಲು ಕಾಯುವಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಮೊಬೈಲನ್ನೂ ತೆಗೆಯಲಿಲ್ಲ. ಆಮೇಲೆ, "ಚಾಚಾ, ಒಂದು ಕೇಜ್‌ನಲ್ಲಿ ಎಷ್ಟು ಜನ ನಿಲ್ತಿದ್ರು?" ಎಂದು ಕೇಳಿದ.

ನಮಗೆ ಗೊತ್ತಿರಲಿಲ್ಲ. ಬರುವ ಭಾನುವಾರ ಕೇಳೋಣ ಎಂದೆವು.