ನಿಲ್ಲುವ ವಿದ್ಯೆ

ಕಾರು ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ಹೇಗೆ ನಿಲ್ಲುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ತೀರ್ಥಹಳ್ಳಿಯ ಕಡೆಯವರಾದ ನಮಗೆ ಮಾತ್ರ ಈ ಪ್ರಶ್ನೆ ತಪ್ಪಿದ್ದಲ್ಲ. ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. ಒಂದರ ಹಿಂದೊಂದು 14 ತಿರುವುಗಳು. ಮಳೆಗಾಲದಲ್ಲಿ ಮೇಲೆ ಮಂಜು, ಕೆಳಗೆ ಜಾರುವ ರಸ್ತೆ. ಅಮ್ಮನನ್ನು ತಿಂಗಳಿಗೊಮ್ಮೆ ಅಲ್ಲಿಯ ಆಸ್ಪತ್ರೆಗೆ ಕರೆದೊಯ್ಯುವವಳು ನಾನು. "ಹತ್ತುವಾಗ ದೇವರಿದ್ದಾನೆ ಕಣೇ, ಇಳಿಯುವಾಗ ನೀನೇ ನೋಡಿಕೊಳ್ಳಬೇಕು" ಎನ್ನುವುದು ಹಿಂದಿನ ಸೀಟಿನಿಂದ ಅಮ್ಮ ಹೇಳುವ ಮಾತು.

2023ರ ಮೇ ತಿಂಗಳಲ್ಲಿ ನಮ್ಮ ಹಳೆಯ ಆಲ್ಟೋ ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಎನ್ನತೊಡಗಿತು. ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದವರು ಚಕ್ರ ಬಿಚ್ಚಲಿಲ್ಲ, ಬಗ್ಗಿ ಕೂಡ ನೋಡಲಿಲ್ಲ. "ಧೂಳು ಮೇಡಂ, ಇನ್ನೂ ಆರು ತಿಂಗಳು ಓಡುತ್ತೆ. ಬೇಕಾದ್ರೆ ಯಜಮಾನರನ್ನು ಕಳಿಸಿ, ಅವರಿಗೆ ಹೇಳ್ತೀವಿ" ಎಂದರು. ನಮ್ಮ ಯಜಮಾನರಿಗೆ ಕಾರು ಓಡಿಸಲು ಬರುವುದಿಲ್ಲವೆಂದು ಪಾಪ ಅವರಿಗೇನು ಗೊತ್ತು!

ಆ ಭಾನುವಾರ ತಮ್ಮ ಬಂದಿದ್ದ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. "ಅಕ್ಕಾ, ಧೂಳಿದ್ದರೂ ಸದ್ದು ಬರುತ್ತೆ, ಪ್ಯಾಡ್ ಸವೆದರೂ ಬರುತ್ತೆ. ಎಷ್ಟೋ ಪ್ಯಾಡಿಗೆ ಒಂದು ತಗಡಿನ ತುಂಡು ಸಿಕ್ಕಿಸಿರ್ತಾರೆ. ಸವೆದಾಗ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ. ಬಿಚ್ಚಿ ನೋಡದೆ ಹೇಳೋದು ಹ್ಯಾಗೆ ಮಾರಾಯ್ತಿ?" ಎಂದ. ಹೊಸ ಪ್ಯಾಡುಗಳೂ ಬಂದವು. ಬಲಗಡೆಯದನ್ನು ಅವನು ಮಾಡುವುದು, ನಾನು ನೋಡುವುದು. ಎಡಗಡೆಯದನ್ನು ನಾನು ಮಾಡುವುದು, ಅವನು ನೋಡುವುದು ಎಂದು ಕರಾರಾಯಿತು.

ನಿಜಕ್ಕೂ ಇದರ ಗುಟ್ಟು ಅಡುಗೆಮನೆಯದೇ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಆಚೆಗೊಂದು ಈಚೆಗೊಂದು ಪ್ಯಾಡ್. ಪೆಡಲ್ ಒತ್ತಿದರೆ ಬ್ರೇಕ್ ಆಯಿಲಿನ ಒತ್ತಡಕ್ಕೆ ಕ್ಯಾಲಿಪರಿನೊಳಗಿನ ಪಿಸ್ಟನ್ ಮುಂದೆ ಬರುತ್ತದೆ. ಪ್ಯಾಡುಗಳೆರಡೂ ತಟ್ಟೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಹಿಡಿದಾಗಲೆಲ್ಲ ಒಂದಿಷ್ಟು ಸವೆಯುತ್ತವೆ. ತಟ್ಟೆ ಉಳಿಯಲೆಂದು ತಾವು ಸವೆಯುವುದೇ ಅವುಗಳ ಬಾಳು.

ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಕಲ್ಲು, ಹ್ಯಾಂಡ್ ಬ್ರೇಕ್. ಕಾರು ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ಸಡಿಲಿಸಬೇಕು. ಜ್ಯಾಕನ್ನು ನಂಬಿ ಕೈ ಹಾಕಬಾರದು, ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು. ನನ್ನ ಸರದಿ ಬಂದಾಗ ಕ್ಯಾಲಿಪರಿನ ಬೋಲ್ಟ್ ಬಿಚ್ಚಿ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿದೆ. ಬ್ರೇಕಿನ ರಬ್ಬರ್ ಪೈಪಿಗೆ ಭಾರ ಬೀಳಬಾರದಂತೆ. ಕರಿಯ ಹುಡಿಯನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊರಗಿನ ಪ್ಯಾಡ್ ನೋಡಲು ಪರವಾಗಿಲ್ಲ ಎನ್ನುವಂತಿತ್ತು. ಒಳಗಿನದನ್ನು ಎಳೆದು ಅಂಗೈ ಮೇಲಿಟ್ಟುಕೊಂಡಾಗ ಬಾಯಿ ಒಣಗಿತು. 3 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕಾದದ್ದು ಒಂದು ಮಿಲಿಮೀಟರಿನಷ್ಟೂ ಉಳಿದಿರಲಿಲ್ಲ. ಅದರ ಹಿಂದೆ ಬರೀ ಕಬ್ಬಿಣ. ಮುಂದಿನ ವಾರವೇ ಅಮ್ಮನ ತಪಾಸಣೆಯಿತ್ತು. ತಮ್ಮ ಏನೂ ಹೇಳಲಿಲ್ಲ, ಹೊಸ ಪ್ಯಾಡನ್ನು ಕೈಗೆ ಕೊಟ್ಟ.

ಹೊಸದು ದಪ್ಪ, ಪಿಸ್ಟನ್ ಹಿಂದೆ ಸರಿಯದೆ ಕೂರುವುದಿಲ್ಲ. ಕ್ಲ್ಯಾಂಪ್ ಹಾಕಿ ನಿಧಾನವಾಗಿ ಒತ್ತಿದಂತೆ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರಿತು. ಅದು ತುಳುಕಿದರೆ ಕಾರಿನ ಬಣ್ಣ ತಿನ್ನುತ್ತದೆ. ಹಾಲು ಕಾಯಿಸಿದ ನಮಗೆ ಆ ಕಣ್ಗಾವಲನ್ನು ಹೇಳಿಕೊಡಬೇಕೆ?

ಎಲ್ಲ ಜೋಡಿಸಿ ಪೆಡಲ್ ಒತ್ತಿದರೆ ಅದು ನೆಲಕ್ಕೇ ಹೋಯಿತು! "ಹಾಗೇ ಅಕ್ಕಾ. ಗಟ್ಟಿಯಾಗುವವರೆಗೂ ಒತ್ತು. ಅದಕ್ಕೆ ಮೊದಲು ಗಾಡಿ ಕದಲಿಸಬೇಡ" ಎಂದ. ನಾಲ್ಕೈದು ಸಲ ಒತ್ತಿದ ಮೇಲೆ ಪಾದಕ್ಕೆ ಎದುರುತ್ತರ ಬಂತು. ಮೊದಲು ಅಂಗಳದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಮುಂದಿನ ವಾರ ಎರಡನೇ ಗೇರಿನಲ್ಲಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ, ಘಾಟಿ ಇಳಿದೆವು. ಏಳನೆಯ ತಿರುವಿನ ಹೊತ್ತಿಗೆ ಅಮ್ಮ ಗೊರಕೆ ಹೊಡೆಯುತ್ತಿದ್ದಳು.

ಪ್ಯಾಡ್ ಹಾಕಿಸಲು ಈಗ ನಾನು ಗ್ಯಾರೇಜಿಗೂ ಹೋಗುತ್ತೇನೆ. ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟವೇನಿಲ್ಲ. ಆದರೆ ಯಾರಾದರೂ "ಇನ್ನೂ ಓಡುತ್ತೆ ಮೇಡಂ" ಎಂದರೆ ಚೀಲದಿಂದ ಹೊಲಿಗೆಯ ಸ್ಕೇಲು ತೆಗೆದು ಕೇಳುತ್ತೇನೆ: "ಒಳಗಿನದು ಎಷ್ಟು ಮಿಲಿಮೀಟರ್ ಉಳಿದಿದೆ, ತೋರಿಸಿ."