ಕಿರುತೆರೆಯ ಕುರುಕ್ಷೇತ್ರ, ಗುಬ್ಬಿ ಸೀಮೆಯ ದುರ್ಯೋಧನ

2020ರ ಬೇಸಿಗೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಕನ್ನಡಿಗರ ಮನೆಗಳಿಗೆ ಎರಡು ಮಹಾಭಾರತಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಒಂದು, 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ಭಾನುವಾರದ ಬೆಳಗುಗಳಲ್ಲಿ ದೂರದರ್ಶನವು ಬಿತ್ತರಿಸಿದ್ದ ಬಿ. ಆರ್. ಚೋಪ್ರಾ ಅವರ 94 ಕಂತುಗಳ ಹಿಂದಿ ಧಾರಾವಾಹಿ. ಅದರ ಮರುಪ್ರಸಾರ ಮಾರ್ಚ್ ಕೊನೆಯಲ್ಲಿ ಆರಂಭವಾಯಿತು. ಇನ್ನೊಂದು, 2013-14ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಬಂದಿದ್ದ 267 ಕಂತುಗಳ ಹಿಂದಿ ಧಾರಾವಾಹಿಯ ಕನ್ನಡ ರೂಪ; ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿ ಅದನ್ನು ಪ್ರಸಾರ ಮಾಡತೊಡಗಿತು. ತುಮಕೂರು ನಗರದ ಒಂದು ಮನೆಯವರು ಆಗ ಎರಡನ್ನೂ ನೋಡಿದ್ದರು. ಈಚೆಗೆ ಹತ್ತನೆಯ ತರಗತಿಯ ಮೊಮ್ಮಗಳ ಒತ್ತಾಯಕ್ಕೆ ಎರಡನೆಯದನ್ನು ಅಂತರ್ಜಾಲದಲ್ಲಿ ಹುಡುಕಿ ಮೊದಲ ಕಂತಿನಿಂದ ಮತ್ತೆ ನೋಡುತ್ತಿದ್ದಾರೆ. ಒಂದೇ ಸೋಫಾದ ಮೇಲೆ ಕುಳಿತವರ ಅಭಿಪ್ರಾಯಗಳು ಒಂದೇ ಆಗಿಲ್ಲ.

ಮನೆಯ ಹಿರಿಯರು ನಿವೃತ್ತ ಶಾಲಾ ಮೇಷ್ಟ್ರು. ಗುಬ್ಬಿ ತಾಲ್ಲೂಕಿನ ಹಳ್ಳಿಯಿಂದ ಬಂದವರು. ಇಪ್ಪತ್ತೈದು ವರ್ಷ ಸುತ್ತಣ ಊರುಗಳ 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನನ ಪಾತ್ರ ಕಟ್ಟಿದವರು. ಈ ಸೀಮೆಯನ್ನು ಬಲ್ಲವರಿಗೆ ಆ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಬಾಡಿಗೆ ಸೀನರಿ ಏಳುತ್ತದೆ; ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಹಾಡು, ಕಂದ, ಮಾತುಗಳು ಬೆಳಗಿನ ಜಾವದವರೆಗೂ ಧ್ವನಿವರ್ಧಕದಲ್ಲಿ ಮೊಳಗುತ್ತವೆ. ಇಲ್ಲಿ ನಟನಿಗೆ ಸಂಭಾವನೆಯಿಲ್ಲ, ಪಾತ್ರಕ್ಕೆ ನಟನೇ ಹಣ ತೆರಬೇಕು. ದುರ್ಯೋಧನ, ಕೃಷ್ಣರ ಪಾತ್ರಗಳಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಧರ್ಮರಾಯನಿಗಿಂತ ದುರ್ಯೋಧನ ದುಬಾರಿ ಎಂಬುದು ಹಾಸ್ಯವಾಗಿ ಕೇಳಿಸಬಹುದು, ಆದರೆ ಈ ಭಾಗದ ಜನರ ಕಾವ್ಯಮೀಮಾಂಸೆ ಆ ದರಪಟ್ಟಿಯಲ್ಲಿಯೇ ಇದೆ.

ಅಂಥವರಿಗೆ ಕಿರುತೆರೆಯ ದುರ್ಯೋಧನ ರುಚಿಸಲಿಲ್ಲ. ಆ ಪಾತ್ರ ಮಾಡಿರುವ ಅರ್ಪಿತ್ ರಂಕಾ ಅವರ ಅಂಗಸೌಷ್ಠವದ ಬಗ್ಗೆ ಮೇಷ್ಟ್ರ ತಕರಾರಿಲ್ಲ. ಗದೆ ಹಿಡಿಯಲು ಆ ಮೈಕಟ್ಟು ತಕ್ಕದ್ದೇ. ಅವರ ಆಕ್ಷೇಪವಿರುವುದು ಪಾತ್ರದ ನಿರಂತರ ಸಿಟ್ಟಿನ ಮೇಲೆ. "ಸಿಟ್ಟು ಬೇರೆ, ಗತ್ತು ಬೇರೆ. ಇವ್ನು ಎದ್ರೆ ಸಿಟ್ಟು, ಕೂತ್ರೆ ಸಿಟ್ಟು. ಹದಿನೆಂಟು ಅಕ್ಷೋಹಿಣೀಲಿ ಹನ್ನೊಂದು ಇವನ ಕಡೆ ಯಾಕೆ ಬಂದ್ವು ಮತ್ತೆ?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಭೀಷ್ಮ, ದ್ರೋಣ, ಕರ್ಣರಂಥವರು ಯಾರಿಗಾಗಿ ಪ್ರಾಣ ಕೊಟ್ಟರೋ ಅವನು ಬರಿಯ ಕೇಡಿಗನಾಗಿದ್ದರೆ ಅವರ ಸಾವಿಗೂ ಬೆಲೆಯಿಲ್ಲ. ಧಾರಾವಾಹಿಯು ಅಪರಾಧದ ಬಹುಪಾಲನ್ನು ಶಕುನಿಯ ತಲೆಗೆ ಕಟ್ಟಿ, ದುರ್ಯೋಧನನನ್ನು ಸೋದರಮಾವ ಹೇಳಿಕೊಟ್ಟಂತೆ ಕುಣಿಯುವವನನ್ನಾಗಿ ಮಾಡುತ್ತದೆ. ಹಳ್ಳಿಯ ನಾಟಕದಲ್ಲಿಯೂ ಶಕುನಿಗೆ ಹಗೆಯುಂಟು, ತಂತ್ರವುಂಟು, ಚಪ್ಪಾಳೆಯೂ ಉಂಟು. ಆದರೆ ಸಿಂಹಾಸನದ ಮೇಲಿರುವವನ ನಿರ್ಧಾರ ಅವನದೇ. ತಪ್ಪನ್ನು ತಾನೇ ಮಾಡಿದವನಿಗೆ ಮಾತ್ರ ಅದರ ಭಾರವನ್ನು ಹೊರುವ ಘನತೆ ಸಿಗುತ್ತದೆ.

ಈ ಘನತೆಯ ಬೇಡಿಕೆ ಬರಿಯ ಬಯಲುನಾಟಕದವರ ಹಟವಲ್ಲ. 941ರ ಹೊತ್ತಿಗೆ ತನ್ನ ಭಾರತವನ್ನು ಮುಗಿಸಿದ ಪಂಪ, ಅರ್ಜುನನನ್ನು ಕಥಾನಾಯಕನನ್ನಾಗಿ ಇರಿಸಿಕೊಂಡೂ, ಕೃತಿಯ ಕೊನೆಯಲ್ಲಿ ಭಾರತದ ಮಹಾವ್ಯಕ್ತಿಗಳನ್ನು ಎಣಿಸುವಾಗ ಛಲಕ್ಕಾಗಿ ದುರ್ಯೋಧನನ ಹೆಸರನ್ನೇ ಹೇಳಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನ ಇನ್ನೂ ಮುಂದೆ ಹೋದ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ 'ಸಾಹಸಭೀಮವಿಜಯ'ದಲ್ಲಿ ಗೆಲುವು ಭೀಮನದು. ಆದರೆ ಓದುಗನ ಮನಸ್ಸು ಹೋಗುವುದು ಸಂಜಯನೊಡನೆ ಹೆಣಗಳ ನಡುವೆ ಕಾಲೂರಿ ನಡೆಯುವ ಕುರುರಾಜನ ಹಿಂದೆ. ದ್ರೋಣನ ಮುಂದೆ ನಿಲ್ಲುತ್ತಾನೆ, ಮಗ ಲಕ್ಷಣಕುಮಾರನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಕರ್ಣನ ಮುಂದೆ ನಿಲ್ಲುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯವನ್ನು ಕೊಂಡಾಡಿ, ತನಗೂ ಅಂಥ ಮರಣ ಬರಲೆಂದು ಬಯಸುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಇದನ್ನು 'ಗದಾಯುದ್ಧ ನಾಟಕ'ವಾಗಿ ಹೊರತಂದಾಗ ರುದ್ರನಾಟಕದ ನಾಯಕನನ್ನು ಗ್ರೀಸಿನಿಂದ ತರಬೇಕಾಗಿರಲಿಲ್ಲ. ರನ್ನನಲ್ಲಿಯೇ ಅವನು ಸಿದ್ಧನಾಗಿದ್ದ. ಆಶ್ರಯದಾತನನ್ನು ಭೀಮನೆಂದು ಹೊಗಳುತ್ತಲೇ ಸೋತವನ ಪಕ್ಕದಲ್ಲಿ ನಡೆಯುವ ಧೈರ್ಯ ಆ ಕವಿಗೆ ಇತ್ತು. 267 ಕಂತುಗಳ ಅವಕಾಶವಿದ್ದೂ ಧಾರಾವಾಹಿಗೆ ಅದು ಸಾಧ್ಯವಾಗಲಿಲ್ಲ. ಅಲ್ಲಿ ಯಾರಿಗಾದರೂ ಮರುಕ ಹುಟ್ಟುವ ಮುನ್ನವೇ ಹಿನ್ನೆಲೆ ಸಂಗೀತ ಏರುತ್ತದೆ, ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಸರದಿಯ ಮೇಲೆ ನುಗ್ಗುತ್ತದೆ, ಕೃಷ್ಣ ನೋಡುಗರತ್ತ ತಿರುಗಿ ನೀತಿಯನ್ನು ಬೋಧಿಸುತ್ತಾನೆ.

ಭಾಷೆಯ ವಿಚಾರ ಇನ್ನೂ ಸೂಕ್ಷ್ಮ. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ದನಿಯೆತ್ತಿದ ಮೇಲೆ ಅರ್ಧ ಶತಮಾನ ಕನ್ನಡದ ತೆರೆಗೆ ಅದು ನಿಷಿದ್ಧವಾಗಿತ್ತು. 2012ರಲ್ಲಿ 'ಸತ್ಯಮೇವ ಜಯತೆ' ಕನ್ನಡಕ್ಕೆ ಬಾರದೆ ಹೋದದ್ದು ಆ ತಡೆಯಿಂದಲೇ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯನ್ನು ಸ್ಪರ್ಧೆಗೆ ವಿರುದ್ಧವೆಂದು ತೀರ್ಮಾನಿಸಿತು. ಕಲಾವಿದರ ಅನ್ನದ ಪ್ರಶ್ನೆ ಅಂದು ನಿಜವಾಗಿತ್ತು, ಇಂದಿಗೂ ನಿಜ. ಆದರೆ ಹಿಂದಿ ಬಾರದ ಮುದುಕಿಯೊಬ್ಬಳು ಭೀಷ್ಮನ ಮಾತನ್ನು ತನ್ನ ನುಡಿಯಲ್ಲಿ ಕೇಳಬಾರದೆಂದು ಹೇಳುವ ಹಕ್ಕು ಯಾರಿಗೂ ಇರಲಾರದು. ಚೋಪ್ರಾ ಅವರ ಧಾರಾವಾಹಿಯನ್ನು ಮೂವತ್ತು ವರ್ಷದ ಹಿಂದೆ ನೆರೆಮನೆಯ ಟಿವಿಯಲ್ಲಿ ಅರ್ಥವಾಗದೆಯೇ ನೋಡಿದ್ದ ಮೇಷ್ಟ್ರ ಹೆಂಡತಿ ಈ ಕನ್ನಡ ಅವತರಣಿಕೆಯನ್ನು ಮನಸಾರೆ ಮೆಚ್ಚಿದ್ದಾರೆ. ಹಾಗೆಂದು ದೋಷಗಳಿಲ್ಲವೆಂದಲ್ಲ. ಹಿಂದಿಯ ತುಟಿಚಲನೆಗೆ ಕನ್ನಡದ ನೀಳ ಕ್ರಿಯಾಪದವನ್ನು ಹೊಂದಿಸುವ ಕಷ್ಟದಲ್ಲಿ ಮಾತು ಎಷ್ಟೋ ಕಡೆ ಬಿಗಿದುಕೊಳ್ಳುತ್ತದೆ. ಸಂಸ್ಕೃತ ಪದಗಳು ಉಳಿದು ಕನ್ನಡದ ಉಸಿರು ಕಡಿಮೆಯಾಗುತ್ತದೆ. ಕಂದದ ಓಟಕ್ಕೆ ಪಳಗಿದ ಕಿವಿಗೆ ಅದು ತಕ್ಷಣ ತಿಳಿಯುತ್ತದೆ.

ಆ ತಾಯಿ ಮೆಚ್ಚಿದ್ದು ಭಾಷೆಯನ್ನಷ್ಟೇ ಅಲ್ಲ, ದ್ರೌಪದಿಯನ್ನು. ಹಳ್ಳಿಯ ನಾಟಕಕ್ಕೆ ಸ್ತ್ರೀಪಾತ್ರದವರು ಹಣ ಪಡೆದು ಹೊರಗಿನಿಂದ ಬರುತ್ತಾರೆ, ತಮ್ಮ ದೃಶ್ಯ ಮುಗಿಸಿ ಹೋಗುತ್ತಾರೆ. ರಾತ್ರಿಯೆಲ್ಲ ಮೆರೆಯುವವರು ಹಣ ಕೊಟ್ಟ ಗಂಡಸರು. ಪೂಜಾ ಶರ್ಮಾ ಅಭಿನಯಿಸಿದ ದ್ರೌಪದಿಗೆ ಸಭೆಯಲ್ಲಿ ಮಾತನಾಡಲು ಬೇಕಾದಷ್ಟು ಹೊತ್ತು ಸಿಕ್ಕಿದೆ. "ನಿಮ್ಮ ನಾಟಕದಲ್ಲಿ ಅವಳ ಸೀರೆ ಎಳೆಯೋದಷ್ಟೇ ನೆನಪೈತೆ, ಅವಳು ಕೇಳಿದ್ದು ನೆನಪಿಲ್ಲ" ಎಂದು ಅವರು ಗಂಡನಿಗೆ ಹೇಳಿದ ಮಾತಿಗೆ ಮೇಷ್ಟ್ರಲ್ಲಿ ಉತ್ತರವಿರಲಿಲ್ಲ. ಇರಬೇಕಾಗಿಯೂ ಇಲ್ಲ, ಈ ಒಂದು ವಿಷಯದಲ್ಲಿ ಕಿರುತೆರೆ ಬಯಲುರಂಗವನ್ನು ಗೆದ್ದಿದೆ.

ಸೊಸೆ ಕುಣಿಗಲ್ಲಿನವರು. ಅಲ್ಲಿಯ ಕುದುರೆ ಫಾರಂ ಟಿಪ್ಪುವಿನ ಕಾಲದ ನಂಟುಳ್ಳದ್ದು. ಪಂದ್ಯದ ಕುದುರೆಗಳನ್ನು ಬಾಲ್ಯದಿಂದ ಬೇಲಿಯಾಚೆ ನೋಡಿ ಬೆಳೆದವರಿಗೆ ಗಣಕಯಂತ್ರದಲ್ಲಿ ಹುಟ್ಟಿದ ಅಶ್ವದಳ ನಗೆ ತರಿಸುತ್ತದೆ. "ಮಾವ, ಈ ಕುದುರೆಗಳ ಕಾಲು ನೆಲಕ್ಕೇ ತಾಗ್ತಿಲ್ಲ ನೋಡಿ" ಎಂದು ಆಕೆ ತೋರಿಸುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕಾಗಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ವೈಭವದ ಹುಚ್ಚು ಆಗಲೂ ಇತ್ತು, ಅದನ್ನು ಕಿರುತೆರೆಯ ಪಾಪವೆನ್ನಲಾಗದು. ವ್ಯತ್ಯಾಸವಿಷ್ಟೇ: ಆನೆ ರಂಗಕ್ಕೆ ಬಂದರೂ ನಟ ಮರೆಯಾಗುತ್ತಿರಲಿಲ್ಲ, ಏಕೆಂದರೆ ಆನೆಗಿಂತ ಗಟ್ಟಿಯಾಗಿ ಅವನು ಹಾಡಬೇಕಿತ್ತು.

ಈ ಚರ್ಚೆ ಸೋಫಾದ ಮೇಲೆಯೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಈ ವರ್ಷ ಮೇಷ್ಟ್ರ ಊರಿನಲ್ಲಿ ದುರ್ಯೋಧನನ ಪಾತ್ರಕ್ಕೆ ಹಣ ಕಟ್ಟಿರುವ ತರುಣ ಭಾನುವಾರಗಳಂದು ತುಮಕೂರಿಗೆ ಬಂದು ಅವರಲ್ಲಿ ಮಾತು ತಿದ್ದಿಸಿಕೊಳ್ಳುತ್ತಾನೆ. ಅವನು ಪಾತ್ರವನ್ನು ಕಲಿತಿರುವುದು ಮೊಬೈಲಿನ ತುಣುಕುಗಳಿಂದ. ಹಲ್ಲು ಕಚ್ಚುವುದು, ಕಣ್ಣು ಕೆಂಪಗೆ ಮಾಡುವುದು, ಮಾತಿನ ನಡುವೆ ಅಬ್ಬರಿಸಿ ನಗುವುದು, ಎಲ್ಲವೂ ಅಲ್ಲಿಯದೇ. ಊರ ನಾಟಕದ ಮೇಷ್ಟ್ರ ಗತ್ತು ಅವನ ಕಣ್ಣಿಗೆ ಹಳೆಯದು. ಹೀಗೆ ಹತ್ತು ವರ್ಷ ನಡೆದರೆ ಬಯಲಿನಲ್ಲಿ ನಿಲ್ಲುವವನು ಪಂಪ ರನ್ನರ ದುರ್ಯೋಧನನಲ್ಲ, ಮುಂಬಯಿಯಲ್ಲಿ ಬರೆದ ಕೇಡಿಗನ ನಕಲು.

ಮೇಷ್ಟ್ರು ಅವನನ್ನು ಬಯ್ಯಲಿಲ್ಲ. ಮೊಮ್ಮಗಳನ್ನು ಕರೆದು ಅವಳ ಪಠ್ಯದಲ್ಲಿರುವ ರನ್ನನ ಪದ್ಯಭಾಗವನ್ನು ಓದಿಸಿದರು. ಸಂಧಿಯಾಗು ಎಂಬ ಹಿರಿಯರ ಬುದ್ಧಿವಾದಕ್ಕೆ ದುರ್ಯೋಧನ ತನ್ನ ಯುದ್ಧ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದು ಉತ್ತರಿಸುವ ಭಾಗ ಅದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಹುಡುಗಿ ಹಳಗನ್ನಡವನ್ನು ತಡವರಿಸದೆ ಓದಿ ಅರ್ಥ ಹೇಳಿದಳು. ತರುಣ ಎರಡು ಬಾರಿ ಕೇಳಿಸಿಕೊಂಡ.

"ಇಲ್ಲಿ ನಗೋದು ಎಲ್ಲಿ ಬರ್ತದೆ ಮೇಷ್ಟ್ರೇ? ನಗದಿದ್ರೆ ಜನ ಶಿಳ್ಳೆ ಹೊಡೀತಾರಾ?"

"ಶಿಳ್ಳೆ ಆಮೇಲೆ ನೋಡ್ಕಳಣ. ಮೊದ್ಲು ಅಲ್ಲಾಡ್ದೆ ನಿಂತ್ಕ. ಭೀಷ್ಮ ನಿನ್ನ ತಾತ, ಅವನ ಮುಂದೆ ನಿಂತಿದ್ದೀಯ."

ಅವನು ನಿಂತ. ಐದು ಸಾಲಿನ ಮಾತಿಗೆ ಅಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಾಟಕ ಶಿವರಾತ್ರಿಯ ಮೇಲೆ ನಿಗದಿಯಾಗಿದೆ, ಸೀನರಿಯವರಿಗೆ ಮುಂಗಡ ಹೋಗಿದೆ. ಧಾರಾವಾಹಿಯಲ್ಲಿ ಆ ಮನೆಯವರು ನೋಡಬೇಕಾದದ್ದು ಇನ್ನೂ ಎಂಬತ್ತು ಕಂತುಗಳಿವೆ.