ಒಂದೇ ಸ್ವರ, ಹದಿನಾರು ಸಲ!

ಹೀರೋಯಿನ್ ಕಾಡಿನಲ್ಲಿ ಓಡುತ್ತಿದ್ದಾಳೆ. ಹಿಂದೆ ಖಳನಾಯಕನ ಜೀಪು. ಪಿಟೀಲುಗಳು 'ಜಗ್ ಜಗ್ ಜಗ್ ಜಗ್' ಎಂದು ಒಂದೇ ಸ್ವರ ಹಿಡಿದು ಕುಟ್ಟುತ್ತಿವೆ. ನೀವು ಸೀಟಿನ ತುದಿಗೆ ಬಂದಿದ್ದೀರಿ. ಒಂದು ಸ್ವರವನ್ನು ಹದಿನಾರು ಸಲ ಬಾರಿಸೋದರಲ್ಲಿ ಏನು ಮಹಾ ವಿದ್ಯೆ ಅಂತೀರಾ? ನಾನು ರೀರೆಕಾರ್ಡಿಂಗ್‌ಗೆ ಕಂಪ್ಯೂಟರ್ ಮುಂದೆ ಕೂತು ಕೀಬೋರ್ಡ್ ಒತ್ತುವ ಆಸಾಮಿ. ಅಳುವ ತಾಯಿಗೆ ಸಂಗೀತ ಕೊಡು ಅಂದರೆ ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ಈ 'ಜಗ್ ಜಗ್' ಇದೆಯಲ್ಲ, ಅದಕ್ಕೆ ಮಾತ್ರ ರಾತ್ರಿಯೆಲ್ಲ ಬೇಕು ಸ್ವಾಮಿ!

ಕಾರಣ ಕೇಳಿ. ಕಂಪ್ಯೂಟರಿನೊಳಗಿನ ಪಿಟೀಲು ಪೂರ್ತಿ ಸುಳ್ಳಲ್ಲ. ಎಲ್ಲೋ ಒಂದು ದೊಡ್ಡ ಹಾಲಿನಲ್ಲಿ ನಿಜವಾದ ವಾದ್ಯಗಾರರನ್ನು ಕೂರಿಸಿ, ಒಂದೊಂದೇ ಸ್ವರವನ್ನು ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ ನುಡಿಸಿ ಮುದ್ರಿಸಿಟ್ಟಿರುತ್ತಾರೆ. ಇದಕ್ಕೆ 'ಸ್ಯಾಂಪಲ್ ಲೈಬ್ರರಿ' ಎಂದು ಹೆಸರು. ನಾವು ಕೀ ಒತ್ತಿದರೆ ಆ ತುಣುಕು ಹೊರಗೆ ಬರುತ್ತದೆ. ಉಪಾಯ ಹಳೆಯದೇ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲ್ಲೊಟ್ರಾನ್ ಎಂಬ ಪೆಟ್ಟಿಗೆಯಲ್ಲಿ ಒಂದೊಂದು ಕೀ ಕೆಳಗೂ ಒಂದೊಂದು ಟೇಪು ಇತ್ತು, ಸುಮಾರು ಎಂಟು ಸೆಕೆಂಡಿನದು.

ಉದ್ದ ಸ್ವರಕ್ಕೆ ಇದು ಸೈ. ಆದರೆ ಅದೇ ತುಣುಕನ್ನು ಹದಿನಾರು ಸಲ ಬಿಟ್ಟರೆ? ಕಮಾನಿನ ಅದೇ ಉಜ್ಜು, ಅದೇ ಕೊಸರು, ಹದಿನಾರು ಸಲವೂ ಕೂದಲೆಳೆಯಷ್ಟೂ ಬದಲಾಗದೆ! ಸಂಗೀತ ಕಲಿಯದವರ ಕಿವಿಗೂ ಮೂರನೆಯದಕ್ಕೇ ಅನುಮಾನ ಬರುತ್ತದೆ. ನಮ್ಮ ಕಸುಬಿನವರು ಇದನ್ನು 'ಮೆಷಿನ್ ಗನ್' ಅಂತಾರೆ. ಗೋಡೆ ಮೇಲಿನ ಹಲ್ಲಿ ಕೂಡ ಎರಡು ಸಲ ಒಂದೇ ತರಹ ಲೊಚಗುಟ್ಟೋದಿಲ್ಲ ನೋಡಿ.

ಇದನ್ನು ನಾನು ತಿಳಿದದ್ದು ಕಂಪ್ಯೂಟರಿನಿಂದಲ್ಲ. ಚಿಕ್ಕಂದಿನಲ್ಲಿ ಪಿಟೀಲು ಪಾಠದಲ್ಲಿ ಜಂಟಿ ವರಸೆ ಹೇಳಿಕೊಟ್ಟರು. ಸಸ ರಿರಿ ಗಗ ಮಮ... ಎರಡು ಸ ಅಂದರೆ ಒಂದೇ ಸ ಎರಡು ಸಲ ಎಂದು ನಾವು ಮಕ್ಕಳು ನಂಬಿದ್ದೆವು. ಮೇಷ್ಟ್ರು, "ಎರಡನೇದಕ್ಕೆ ಒತ್ತು ಕೊಡ್ರೋ, ಅದು ಮೊದಲನೇದರ ನೆರಳಲ್ಲ!" ಎಂದು ತೊಡೆ ತಟ್ಟುತ್ತಿದ್ದರು. ಕಮಾನಿನದೂ ಅದೇ ಕಥೆ. ಕೆಳಗೆ ಬರುವಾಗ ಒಂದು ತೂಕ, ಮೇಲೆ ಹೋಗುವಾಗ ಇನ್ನೊಂದು. ವಾದ್ಯಗಾರ ಎಷ್ಟೇ ಪಳಗಿರಲಿ, ತಾಳದ ಪೆಟ್ಟಿನ ಮೇಲೆ ಕೈ ತಾನಾಗಿ ಭಾರವಾಗುತ್ತದೆ. ಅಂದರೆ ವ್ಯತ್ಯಾಸ ಬೇಕು, ಆದರೆ ಮನಸ್ಸಿಗೆ ಬಂದಂತೆ ಚೆಲ್ಲಿದ ವ್ಯತ್ಯಾಸ ಅಲ್ಲ. ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಒಂದಿಷ್ಟು ಅಲುಗಾಡಿಸುವ ಗುಂಡಿ ಒಂದಿದೆ. ಒತ್ತಿದರೆ ಕುಡಿದವನು ನುಡಿಸಿದ ಹಾಗಿರುತ್ತದೆ, ಅಷ್ಟೆ.

ಲೈಬ್ರರಿ ಮಾಡುವವರು ದಡ್ಡರಲ್ಲ. ಒಂದೇ ಸ್ವರವನ್ನು ನಾಲ್ಕೈದು ಸಲ ಬೇರೆಬೇರೆಯಾಗಿ ಮುದ್ರಿಸಿ ಸರದಿಯ ಮೇಲೆ ಬಿಡುತ್ತಾರೆ. 'ರೌಂಡ್ ರಾಬಿನ್' ಅಂತಾರೆ ಇದನ್ನು. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯವರಂತೂ ಮತ್ತೆ ಮತ್ತೆ ಬಾರಿಸುವುದನ್ನೇ ಸಾಲಾಗಿ ನುಡಿಸಿ ಮುದ್ರಿಸಿದರು. ಆದರೂ ಒಂದು ತೊಡಕು! ಸರದಿಯಲ್ಲಿ ನಾಲ್ಕು ತುಣುಕು, ಚತುರಶ್ರ ನಡೆಯಲ್ಲಿ ಒಂದು ಪೆಟ್ಟಿಗೆ ನಾಲ್ಕು ಅಕ್ಷರ. ಪ್ರತಿ ಪೆಟ್ಟಿಗೂ ಅದೇ ಒಂದನೇ ತುಣುಕು ಬಂದು ಕೂರುತ್ತದೆ. ಒಂಟಿ ಗನ್ ಹೋಗಿ ನಾಲ್ಕು ಗುಂಡಿನ ಗನ್ ಆಯಿತು. ಸರದಿ ಐದರದಾದರೆ ಪೆಟ್ಟಿಗೆ ಹೊಂದದೆ ಜಾರುತ್ತಾ ಹೋಗುತ್ತದೆ, ಕಿವಿಗೆ ಅಷ್ಟು ಬೇಗ ಸಿಗುವುದಿಲ್ಲ. ಇನ್ನೊಂದು ತಮಾಷೆ. ಯಂತ್ರ ಎಣಿಕೆಯನ್ನು ನಿಲ್ಲಿಸಿದಲ್ಲಿಂದಲೇ ಶುರುಮಾಡುತ್ತದೆ. ರಾತ್ರಿ ಸೊಗಸಾಗಿದ್ದದ್ದು ಬೆಳಿಗ್ಗೆ ನಿರ್ದೇಶಕರ ಮುಂದೆ ಬೇರೆ ಮುಖ ಹೊತ್ತು ಬರುತ್ತದೆ! ಎಣಿಕೆಯನ್ನು ಒಂದರಿಂದ ಶುರುಮಾಡಿಸುವ ಸ್ವಿಚ್ ಇದ್ದರೆ ನೀವು ಪುಣ್ಯವಂತರು.

ನನ್ನ ದಾರಿ ಹೇಳಿಬಿಡ್ತೀನಿ. ಕಾಪಿ ಮಾಡಿ ಅಂಟಿಸುವ ಕೆಲಸ ನನ್ನ ಹತ್ತಿರ ಇಲ್ಲ. ಹದಿನಾರನ್ನೂ ಎರಡು ಬೆರಳಲ್ಲಿ ಒಂದಾದ ಮೇಲೊಂದರಂತೆ ಕೈಯಾರೆ ಬಾರಿಸುತ್ತೇನೆ. ಕೀ ಒತ್ತಿದ ಜೋರಿಗೆ 127ರವರೆಗೆ ಅಂಕಿ ಇದೆ. ಪೆಟ್ಟಿನ ಮೇಲಿನದು ನೂರರ ಹತ್ತಿರ, ನಡುವಿನವು ಎಂಬತ್ತರ ಆಸುಪಾಸು. ತುಂಬ ಎಗರಿಸಿದರೆ ಲೈಬ್ರರಿ ಮೆಲ್ಲನೆ ನುಡಿಸಿದ ಬೇರೆ ತುಣುಕಿಗೆ ಹಾರಿ ಬಣ್ಣವೇ ಕೆಡುತ್ತದೆ. ತುಣುಕು ಕಡಿಮೆ ಬಿದ್ದರೆ ಪಕ್ಕದ ಸ್ವರದ ತುಣುಕನ್ನು ಅರ್ಧ ಸ್ವರ ಇಳಿಸಿ ಸಾಲ ತರುತ್ತೇನೆ. ಸ್ವರ ಅದೇ, ಉಜ್ಜು ಬೇರೆ. ನೆರೆಮನೆಯ ಸಕ್ಕರೆ ಇದ್ದ ಹಾಗೆ!

ಇಷ್ಟೆಲ್ಲ ಯಾಕೆ ಅಂತ ಕೇಳುವವರು 1960ರ 'ಸೈಕೋ' ನೋಡಿ. ಸ್ನಾನದ ಮನೆಯ ಕೊಲೆ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಹಿಡಿದು ಕೀರಲು ಸ್ವರವನ್ನು ಮತ್ತೆ ಮತ್ತೆ ಚುಚ್ಚಿಸಿದರು. ಪ್ರತಿ ಚುಚ್ಚಿಗೂ ಒಂದು ಹೊಸ ಕೈ ಎತ್ತಿದಂತೆ ಕೇಳುತ್ತದೆ. ಒಂದೇ ತುಣುಕನ್ನು ಹತ್ತು ಸಲ ಬಿಟ್ಟಿದ್ದರೆ ಕಾಲಿಂಗ್ ಬೆಲ್ ಆಗುತ್ತಿತ್ತು.

ಮೊನ್ನೆ ಒಂದು ಚೇಸ್ ಸೀನಿಗೆ, ಇದರ ಮೇಲೆ ಒಬ್ಬರೇ ಒಬ್ಬರು ನಿಜವಾದ ಪಿಟೀಲಿನವರನ್ನು ನುಡಿಸೋಣ ಎಂದೆ. ಮುಂದೆ ಒಂದು ಜೀವಂತ ಕಮಾನು ಇದ್ದರೆ ಹಿಂದಿನ ಯಂತ್ರವನ್ನೆಲ್ಲ ಕಿವಿ ಕ್ಷಮಿಸುತ್ತದೆ. ನಿರ್ಮಾಪಕರು, "ಕಂಪ್ಯೂಟರಿನಲ್ಲಿ ನಲವತ್ತು ಪಿಟೀಲು ಇರುವಾಗ ನಲವತ್ತೊಂದನೇದು ಯಾಕ್ರೀ?" ಎಂದರು. ಅವರ ಲೆಕ್ಕ ಅವರಿಗೆ. ಕೊನೆಗೆ ನನ್ನ ಸಂಭಾವನೆಯಲ್ಲೇ ಮುರಿದುಕೊಳ್ಳಿ ಎಂದು ಒಪ್ಪಿಸಿದೆ.

ಬಂದವರು ಹಿರಿಯರು. ಒಂದು ಕಾಲಕ್ಕೆ ಕನ್ನಡದ ಹಾಡುಗಳು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದವಲ್ಲ, ಆಗ ಪಿಟೀಲಿನ ಸಾಲಿನಲ್ಲಿ ಕೂತವರು. ಈಗ ಆರತಕ್ಷತೆಗಳಲ್ಲಿ ನುಡಿಸುತ್ತಾರೆ. ನನ್ನ 'ಜಗ್ ಜಗ್' ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ, ಬೆರಳು ಮಡಚುತ್ತಾ ಕೇಳಿದರು.

"ಒಂದನೇದೂ ಆರನೇದೂ ಒಂದೇ ಕಮಾನು ಅಲ್ವೇನಪ್ಪಾ?"

ಸರದಿಯಲ್ಲಿದ್ದದ್ದು ಐದು ತುಣುಕು! "ಹೌದು ಸಾರ್" ಎಂದೆ.

"ಪರವಾಗಿಲ್ಲ, ಜನಕ್ಕೆ ಗೊತ್ತಾಗಲ್ಲ ಬಿಡು" ಎಂದು ಕಮಾನಿಗೆ ರಾಳ ಹಚ್ಚಿಕೊಂಡರು. ಮೂರು ಸಲ ನುಡಿಸಿದರು. ಮೂರನೆಯದರಲ್ಲಿ ಕೊನೆಯ ಪೆಟ್ಟಿಗೆ ತಂತಿ ಕೊಂಚ ಕಿರ್ ಎಂದಿತು. "ಇನ್ನೊಂದು ಟೇಕ್ ತಗೋತೀಯಾ?" ಎಂದು ಕೇಳಿದರು. ಬೇಡ ಸಾರ್ ಎಂದು ಅದನ್ನೇ ಇಟ್ಟುಕೊಂಡೆ. ಚಿತ್ರದಲ್ಲಿ ಜೀಪು ಬ್ರೇಕ್ ಹಾಕುವುದು ಸರಿಯಾಗಿ ಅಲ್ಲೇ.